ಕಾಗದದಲ್ಲಿ ಪ್ಯೂನ್

೧೯೯೬ರಲ್ಲಿ, ಎಂಟನೆಯ ಕ್ಲಾಸಿನ ನಡುವೆ, ನನ್ನ ಓದು ನಿಂತಿತು. ಮತ್ತೆ ಓದಲು ಕಲಿಸಿದವರ ತೋರುಬೆರಳಿಗೆ ಉಗುರಿರಲಿಲ್ಲ. ಯಾವುದೋ ಹಳೆಯ ಸರ್ವರ್ ಕಂಪ್ಯೂಟರಿನ ಫ್ಯಾನು ತಿಂದದ್ದು. ಆ ಬೋಳು ಬೆರಳನ್ನು ಅವರು ಪರದೆಯ ಒಂದೊಂದೇ ಸಾಲಿನ ಕೆಳಗೆ ಎಳೆಯುತ್ತಿದ್ದರು.

ವಿಕ್ರೋಳಿಯ ಆಫೀಸಿನಲ್ಲಿ ನಾನು ಪ್ಯೂನ್. ಅವರು ಸರ್ವರುಗಳನ್ನು ನೋಡಿಕೊಳ್ಳುವ ಮೈಸೂರಿನ ಸಾಹೇಬರು. ಚಹಾ ಇಟ್ಟ ಮೇಲೂ ನಾನು ನಿಂತು ನೋಡುವುದನ್ನು ಕಂಡು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡರು. ನಾಲ್ಕು ವರ್ಷ, ಆ ಸರ್ವರುಗಳನ್ನು ನಡೆಸುವ ಲಿನಕ್ಸ್ ಕಲಿಸಿದರು. ಯಾರಿಗೂ ಹೇಳದೆ ತಮ್ಮ ಪಾಸ್‌ವರ್ಡನ್ನೂ ಕೊಟ್ಟರು. ಕಟ್ಟುನಿಟ್ಟು ಒಂದೇ: ಪರದೆ ಕೇಳಿದ ಪ್ರಶ್ನೆಯನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕು, ಆಮೇಲೆ ಎಂಟರ್.

ಡೇಟಾಬೇಸ್ ಕಂಪನಿಗಳು ಕೊಡುವ ಸಾಫ್ಟ್‌ವೇರ್ ಪ್ಯಾಕೇಜ್ ಕಂಡರೆ ಅವರಿಗೆ ಉರಿ. "ಬೀಗರು ಕಣಯ್ಯ ಇವರು. ಒಬ್ಬರನ್ನ ಕರೆದ್ರೆ ಹನ್ನೆರಡು ಜನ ಬರ್ತಾರೆ. ಬಂದು, ಮನೆಯವರನ್ನೇ ಎದ್ದು ಹೋಗಿ ಅಂತಾರೆ."

ನಮ್ಮ ಆಫೀಸು ನೋಡಿಕೊಳ್ಳುತ್ತಿದ್ದ ಸಾಂತಾಕ್ರೂಜಿನ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಆದದ್ದೂ ಅದೇ. ಹೊಸ ಪ್ಯಾಕೇಜು ತನ್ನ ಜೊತೆಗೆ ಲೈಬ್ರರಿ ಎಂಬ ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಬೇಕೆಂದಿತು. ಕೊಟ್ಟರೆ, ಇದಲ್ಲ, ಇನ್ನೂ ಹಳೆಯದು ಬೇಕೆಂದಿತು. ಮಧ್ಯಾಹ್ನದ ಹೊತ್ತಿಗೆ, ಹಳೆಯ ಡೇಟಾಬೇಸ್ ತೆಗೆದರಷ್ಟೇ ಕೂರುತ್ತೇನೆ ಎಂದಿತು. "ಸಾಫ್ಟ್‌ವೇರ್ ಮಾತ್ರ ತೆಗಿ, ಡೇಟಾ ಮುಟ್ಟಬೇಡ," ಎಂದು ಸಾಹೇಬರು ಪ್ಯಾಕೇಜಿನ ಕಂಪನಿಗೆ ಫೋನ್ ಮಾಡಲು ಹೊರಗೆ ಹೋದರು.

ಪರದೆ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಕೌಂಟರಿನಲ್ಲಿ ಕಾಯುತ್ತಿದ್ದ ರೋಗಿಯ ಕಡೆಯವನೊಬ್ಬ, "ಅರೇ ಭಾಯಿ, ಆತಾ ಭೀ ಹೈ ಕ್ಯಾ ತುಮ್ಕೋ?" ಎಂದು, ನನಗೆ ಈ ಕೆಲಸ ಬರುತ್ತದೋ ಇಲ್ಲವೋ ಎಂದು ಕೆಣಕಿದ. ಅವನೆದುರು ಮಗ್ಗಿ ಹೇಳುವ ಮಗುವಿನಂತೆ ಓದುವುದೇ? ಯೆಸ್ ಒತ್ತಿದೆ.

ಡೇಟಾವನ್ನೂ ಅಳಿಸಲೇ ಎಂದು ಅದು ಕೇಳಿತ್ತು.

ಇದ್ದ ನಕಲು ಮೂರು ದಿನ ಹಳೆಯದು. ಯಾರ ಸರದಿ, ಯಾರಿಗೆ ಯಾವ ಔಷಧಿ ಎಂದು ತಿಳಿಯದೆ ರೋಗಿಗಳು ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತರು. ಊದಿದ ಕಾಲಿನ ಮುದುಕಿಯೊಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು.

ವಾಪಸು ಬರುವಾಗ ರಿಕ್ಷಾದಲ್ಲಿ, "ಆಫೀಸಲ್ಲಿ ನಾನೇ ಹೇಳ್ತೇನೆ ಸರ್," ಎಂದೆ.

"ಏನಂತ ಹೇಳ್ತೀಯ? ಕಾಗದದಲ್ಲಿ ನೀನು ಪ್ಯೂನ್. ಪ್ಯೂನ್‌ಗೆ ಇಂಥ ತಪ್ಪು ಮಾಡೋಕಾಗಲ್ಲ ಕಣೋ. ನನ್ನ ಪಾಸ್‌ವರ್ಡಲ್ಲಿ ಒತ್ತಿದ್ದು, ಸರ್ವರಿನ ಲಾಗ್‌ನಲ್ಲಿ ನನ್ನ ಹೆಸರೇ ದಾಖಲಾಗಿದೆ. ಇರಲಿ ಬಿಡು."

ನಾನು ಹಟ ಮಾಡಲಿಲ್ಲ. ಮಾಡಬಹುದಿತ್ತು.

ಆ ವಾರವೇ ಅವರನ್ನು ತೆಗೆದರು. ಹೋಗುವಾಗ, ಈ ಕೆಲಸ ಇವನಿಗೆ ಬರುತ್ತದೆ ಎಂದು ನನ್ನನ್ನು ತೋರಿಸಿ ಹೋದರು. ಐವತ್ತಾರರ ಅವರಿಗೆ ಇನ್ನೆಲ್ಲೂ ಕೆಲಸ ಸಿಗಲಿಲ್ಲ. ಮರುವರ್ಷ ಹೃದಯ ನಿಂತಿತು.

ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟು ಕೇಳಿದರು: "ಅಷ್ಟು ಹುಷಾರಿನ ಮನುಷ್ಯ, ಅವತ್ತು ಹೇಗೆ ಒತ್ತಿಬಿಟ್ರೋ. ನೀವು ಜೊತೆಗಿದ್ರಲ್ಲ?"

"ಇದ್ದೆ," ಎಂದೆ.

ಬೆವರು ಸುರಿಸದೆ ನಾನು ಏನನ್ನೂ ಪಡೆದವನಲ್ಲ, ಸಾಹೇಬರ ಆ ಹುದ್ದೆಯೊಂದನ್ನು ಬಿಟ್ಟು. ಈಗ ನನಗೆ ಇಪ್ಪತ್ತಮೂರು ಸರ್ವರ್, ಒಂದು ಖೋಲಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.