ಅತ್ತೆಯ ಮಾಚಿಪತ್ರೆ

ಹೊನ್ನಾಳಿಯ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಮಾಚಿಪತ್ರೆ ಮಡಿಯಿದೆ. ಮಡಿ ಅನ್ನುವುದು ಸುಮ್ಮನೆ ಮರ್ಯಾದೆಗೆ. ನಿಜ ಹೇಳಬೇಕೆಂದರೆ ಅದು ಅರ್ಧ ಹಿತ್ತಲನ್ನೇ ನುಂಗಿ ಕೂತಿದೆ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ತ್ಯಾವಣಿಗೆಯ ತವರಿನಿಂದ ಒಂದು ಹಿಡಿ ಬೇರು ತಂದು ನೆಟ್ಟರಂತೆ. ಆ ಬೇರು ಮಣ್ಣೊಳಗೇ ಹರಿದುಕೊಂಡು ಹೋಗಿ ಇವತ್ತು ಕರಿಬೇವಿನ ಬುಡದಲ್ಲಿ, ನಾಳೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಲೆ ಎತ್ತುತ್ತದೆ. ನಾನು ಆಸೆಪಟ್ಟು ತಂದ ಗುಲಾಬಿ ಗಿಡಗಳು ಅದರ ನಡುವೆ ಉಸಿರುಕಟ್ಟಿ ಸತ್ತವು. ನಾನೇನು ಸುಮ್ಮನಿರುವ ಪೈಕಿಯಲ್ಲ.

"ಅತ್ತೆ, ಇದನ್ನ ಅರ್ಧನಾದ್ರೂ ಕಿತ್ತು ಹಾಕ್ತೀನ್ರಿ," ಅಂದೆ.

"ಕೀಳು, ಕೀಳು. ಕಿತ್ತಷ್ಟೂ ಬರ್ತೈತೆ ಅದು," ಅಂದರು ಆರಾಮಾಗಿ.

ಆದರೂ ಹೊಳೆಯ ಕಡೆಯಿಂದ ಗಾಳಿ ಬೀಸಿ, ಎಲೆಗಳೆಲ್ಲ ಮಗುಚಿ ಹಿತ್ತಲಿಗೆ ಹಿತ್ತಲೇ ಬೆಳ್ಳಗಾದಾಗ ನನ್ನ ಸಿಟ್ಟು ಇಳಿದುಹೋಗುತ್ತಿತ್ತು. ಮಾಚಿಪತ್ರೆಯ ಎಲೆ ಮೇಲೆ ಹಸಿರು, ಅಡಿಯಲ್ಲಿ ವಿಭೂತಿ ಹಾಕಿ ತಿಕ್ಕಿಟ್ಟ ಬೆಳ್ಳಿ ಲೋಟದ ಬಣ್ಣ.

ಸೋಮವಾರ ಬಂತೆಂದರೆ ಅತ್ತೆ ಕನಕಾಂಬರದ ನಡುನಡುವೆ ಮಾಚಿಪತ್ರೆ ಇಟ್ಟು ಮಾಲೆ ಕಟ್ಟುತ್ತಾರೆ. ಮೊದಲ ತುಂಡು ದೇವರಿಗೆ, ಉಳಿದದ್ದು ಓಣಿಯ ಹೆಣ್ಣುಮಕ್ಕಳಿಗೆ. ಬೆಳಕು ಹರಿಯುವ ಮುಂಚೆಯೇ ಎಲೆ ಕೊಯ್ದು ತರುತ್ತಿದ್ದರು. ಕತ್ತಲಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದರೆ, "ಇದನ್ನ ಕೊಯ್ಯಾಕೆ ಕಣ್ಣ್ಯಾಕೆ ಬೇಕು, ಮೂಗು ಸಾಕು," ಅನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವರಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟು ಎದ್ದು ಓಡಾಡತೊಡಗಿದ ಮೇಲೆ ಒಂದು ದಿನ ಒಲೆಯ ಮೇಲಿನ ಹಾಲು ತಳ ಹಿಡಿದು ಮನೆಯೆಲ್ಲ ಕಮಟು ತುಂಬಿತು. ಅತ್ತೆ ಅಡುಗೆಮನೆಯಲ್ಲೇ ಒಲೆಗೆ ಬೆನ್ನು ಹಾಕಿ ಕೂತು ಸೊಪ್ಪು ಸೋಸುತ್ತಿದ್ದರು. "ವಾಸನೆ ಬರಲಿಲ್ವೇನ್ರಿ?" ಅಂದೆ. "ನನ್ನ ಮೂಗಿಗೇನಾಗೈತೆ? ಯಾವುದೋ ಯೋಚನ್ಯಾಗಿದ್ದೆ," ಎಂದು ಬಾಯಿ ಮುಚ್ಚಿಸಿದರು.

ಆ ಮಳೆಗೆ ಮಾಚಿಪತ್ರೆಯ ನಡುವೆ ಕಾಂಗ್ರೆಸ್ ಗಿಡವೂ ಎದ್ದಿತ್ತು. ಮೈಗೆ ತಾಗಿದರೆ ತುರಿಕೆ ಹತ್ತಿಸುವ ಹಾಳು ಕಳೆ. ಎಳೆಯದಿದ್ದಾಗ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಮುಂದಿನ ಸೋಮವಾರ ನಾನು ಸ್ಕೂಲಿಗೆ ಹೊರಟು ನಿಂತಾಗ ಅತ್ತೆ ದೇವರಿಗೆ ಮಾಲೆ ಏರಿಸಿ, ಉಳಿದದ್ದನ್ನು ತಟ್ಟೆಯಲ್ಲಿ ಹಿಡಿದು ಜಗಲಿಗೆ ಬಂದರು. ಹೂವಿಗಾಗಿ ಪಕ್ಕದ ಮನೆಯವರು ಕಾಯುತ್ತಿದ್ದರು. ನೋಡುತ್ತೇನೆ, ಕನಕಾಂಬರದ ನಡುವೆ ಪೂರ್ತಿ ಕಾಂಗ್ರೆಸ್ ಗಿಡದ ಎಲೆ!

"ಇವತ್ತು ಎಲ್ಲಾ ನಂಗೇ ಬೇಕ್ರಿ ಅತ್ತೆ," ಎಂದು ತಟ್ಟೆಗೆ ಕೈ ಹಾಕಿದೆ.

"ತಲೆನೋವು ಬರ್ತೈತೆ ಅಂತ ಒಂದಿನಾನೂ ಮುಡಿದೋಳಲ್ಲ, ಇವತ್ತೇನಾತವ್ವ ನಿಂಗೆ?" ಎಂದು ನಗುತ್ತ ಅವರೇ ಮುಡಿಸಿದರು. ಪಕ್ಕದ ಮನೆಯವರು ಮುಖ ಊದಿಸಿಕೊಂಡು ಹೋದರು. ನ್ಯಾಮತಿ ಬಸ್ಸು ಹತ್ತಿದ ಮೇಲೂ ಮಾಲೆ ತೆಗೆಯಲು ಯಾಕೋ ಮನಸ್ಸು ಬರಲಿಲ್ಲ. ಸ್ಕೂಲಿನಲ್ಲಿ ಜೊತೆಯ ಮೇಡಂ, "ಏನ್ರೀ, ರೋಡ್ ಸೈಡ್ ಕಸಾನೆಲ್ಲ ಮುಡ್ಕಂಡು ಬಂದೀರಲ್ಲ," ಎಂದು ನಕ್ಕಾಗಲೇ ತೆಗೆದು ಬ್ಯಾಗಿಗೆ ಹಾಕಿದ್ದು.

ಸಂಜೆ ಮನೆಗೆ ಬರುವಷ್ಟರಲ್ಲಿ ಕತ್ತಿನ ತುಂಬ ಕೆಂಪು ದದ್ದು. ಟೀ ಕೊಡಲು ಬಂದ ಅತ್ತೆ ಅದನ್ನು ನೋಡಿದರು. ಸೀದಾ ದೇವರ ಕೋಣೆಗೆ ಹೋಗಿ, ಮಾಲೆ ಇಳಿಸಿ, ಕಿಟಕಿಯ ಹತ್ತಿರ ಹಿಡಿದು ನೋಡಿದರು.

"ದೇವರಿಗೆ ಕಸ ಏರಿಸೀನಿ," ಅಂದರು. "ಜ್ವರ ಬಂದಾಗಿಂದ ಮೂಗು ಸತ್ತೈತೆ ಕಣವ್ವ. ಇನ್ಮ್ಯಾಲೆ ನಾನು ಹೂ ಕಟ್ಟಲ್ಲ. ಅದನ್ನೆಲ್ಲ ಕಿತ್ತು ನಿನ್ನ ಗುಲಾಬಿ ಹಾಕ್ಕೋ."

ಇಷ್ಟು ವರ್ಷ ಇದೇ ಮಾತಿಗೆ ಕಾದಿದ್ದವಳು ನಾನು. ಆದರೆ ಈಗ ಆ ಗುಲಾಬಿ ಬೇಡ ಅನ್ನಿಸಿತು. ಹೂ ಕಟ್ಟದ ಅತ್ತೆಯನ್ನು ಆ ಮನೆಯಲ್ಲಿ ನೋಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಆ ವಾರವೆಲ್ಲ ಅವರು ಹಿತ್ತಲ ಬಾಗಿಲು ದಾಟಲಿಲ್ಲ. ಮತ್ತೆ ಸೋಮವಾರ ಬಂದಾಗ, ಚೆನ್ನಾಗಿ ಬೆಳಕಾದ ಮೇಲೆ, ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಒಂದು ಎಲೆ ಮಗುಚಿ ತೋರಿಸಿದೆ. "ಅಡಿಯಲ್ಲಿ ಬೆಳ್ಳಗಿದ್ರೆ ನಮ್ದು, ಇಲ್ಲಾಂದ್ರೆ ಕಸ. ಇಷ್ಟಕ್ಕೆ ಮೂಗು ಯಾಕ್ರಿ ಬೇಕು?"

ಬಯ್ದ ಹಾಗೇ ಹೇಳಿದೆ, ಇಲ್ಲದಿದ್ದರೆ ನನಗೆ ಅಳು ಬರುತ್ತಿತ್ತು. ಅತ್ತೆ ಒಂದೊಂದೇ ಎಲೆ ಮಗುಚಿ ನೋಡಿ ಕೊಯ್ದು ಬುಟ್ಟಿಗೆ ಹಾಕಿದರು. ಆಮೇಲೆ ಬುಟ್ಟಿಯನ್ನೇ ನೋಡುತ್ತ ನಿಂತುಬಿಟ್ಟರು.

"ಬೆಳ್ಳಗೇನೋ ಐತೆ. ವಾಸನೆ ಐತೋ ಇಲ್ಲೋ ನಂಗೆ ಹೆಂಗೆ ಗೊತ್ತಾಗಬೇಕು? ತಿಳೀದೆ ದೇವರಿಗೆ ಹೆಂಗೆ ಏರಿಸ್ಲಿ?"

"ತಡೀರಿ, ನಾನು ನೋಡಿ ಹೇಳ್ತೀನಿ," ಎಂದು ಬುಟ್ಟಿಗೆ ಬಗ್ಗಿದೆ. ಅವರು ಗಬಕ್ಕನೆ ಅದನ್ನು ಬೆನ್ನ ಹಿಂದೆ ಸರಿಸಿದರು.

"ಮೂಸಬ್ಯಾಡ. ಮೂಸಿದ್ದು ದೇವರಿಗೆ ಆಗಂಗಿಲ್ಲ."

ಹಾಗೆಂದವರು ಬುಟ್ಟಿ ಕೆಳಗಿಟ್ಟು, ಎಲೆ ಕೊಯ್ದ ಬೆರಳುಗಳನ್ನು ನನ್ನ ಮೂಗಿನ ಹತ್ತಿರ ತಂದರು. "ಇದನ್ನ ನೋಡು. ನಾನೂ ಯಾವಾಗ್ಲೂ ಹಿಂಗೇ ನೋಡ್ತಿದ್ದೆ."

ಬೆರಳಲ್ಲಿ ವಿಭೂತಿಯಿತ್ತು, ಒಗ್ಗರಣೆಯ ಬೆಳ್ಳುಳ್ಳಿಯಿತ್ತು. ಅವೆಲ್ಲದರ ಮೇಲೆ ಮಾಚಿಪತ್ರೆ ಘಮ್ಮೆನ್ನುತ್ತಿತ್ತು.

"ಐತ್ರಿ ಅತ್ತೆ. ಜೋರಾಗೈತೆ."

ಅವರು ಕೈ ತೆಗೆಯಲಿಲ್ಲ. "ಇನ್ನೊಂದು ಸಲ ನೋಡು," ಅಂದರು.

ಮತ್ತೆ ನೋಡಿ, ಐತೆ ಅಂದೆ.

"ಹಂಗಾದ್ರೆ ದಾರ ತಗಂಡು ಬಾ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.