ಕೌಂಟರಿನ ಹುಡುಗಿಗೆ ನಾನು ಕಲಿಸಿದ್ದು

ಜನರ ಹತ್ತಿರ ಹೇಗೆ ಮಾತಾಡಬೇಕು ಅಂತ ಆಫೀಸು, ಆಸ್ಪತ್ರೆಗಳ ಸಿಬ್ಬಂದಿಗೆ ಕಲಿಸೋದು ನನ್ನ ಕೆಲಸ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನ ಹುಡುಗಿಗೆ ಒಂದೇ ಪಾಠ ಹತ್ತು ಸಲ ಹೇಳಿದ್ದೆ. ಯಾರೇ ಹೊರಡಲಿ, ಎದ್ದು ನಿಂತು ಕೈ ಮುಗಿದು ನಗುತ್ತಾ 'ಹೋಗಿ ಬನ್ನಿ' ಅನ್ನಬೇಕು. ಮರೆಯದಿರಲಿ ಅಂತ ಚೀಟಿ ಬರೆದು ಅವಳ ಕಂಪ್ಯೂಟರಿಗೆ ಅಂಟಿಸಿಯೂ ಬಂದಿದ್ದೆ.

ಹೋದ ತಿಂಗಳು ಅದೇ ಆಸ್ಪತ್ರೆಯಲ್ಲಿ ನನ್ನ ಭಾವ ತೀರಿಕೊಂಡರು. ಭದ್ರಾವತಿಗೆ ಒಯ್ಯಲು ಆಂಬುಲೆನ್ಸ್ ಬಾಗಿಲಲ್ಲಿ ನಿಂತಿತ್ತು. ಅಕ್ಕನ ತೋಳು ಹಿಡಿದು ಕೌಂಟರ್ ದಾಟುವಾಗ ಆ ಹುಡುಗಿ ನನ್ನನ್ನು ಕಂಡಳು. ಮೇಷ್ಟ್ರನ್ನು ಕಂಡ ಮಕ್ಕಳ ಹಾಗೆ ತಟ್ಟನೆ ಎದ್ದಳು, ಕೈ ಮುಗಿದಳು, ನಕ್ಕಳು.

"ಹೋಗಿ ಬನ್ನಿ ಅಮ್ಮ."

ಸಾವಾದ ಕಡೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ಬರ್ತೀನಿ ಅನ್ನಲ್ಲ, ಯಾರೂ ಬನ್ನಿ ಅನ್ನಲ್ಲ. ಸುಮ್ಮನೆ ಎದ್ದು ಹೋಗ್ತೀವಿ. ಅದು ಆ ಹುಡುಗಿಗೂ ಗೊತ್ತಿತ್ತು, ನಾನು ಕಲಿಸುವ ತನಕ.

ಅಕ್ಕ ಒಂದು ಗಳಿಗೆ ನಿಂತಳು. ಆಮೇಲೆ ಜೀವಮಾನದ ಅಭ್ಯಾಸಕ್ಕೆ "ಬರ್ತೀನಮ್ಮ" ಅಂದುಬಿಟ್ಟಳು.

ಆಂಬುಲೆನ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು, "ಪಾಪ, ಆ ಹುಡುಗಿಗೆ ಹಾಗನ್ನೋಕೆ ಯಾರು ಹೇಳಿಕೊಟ್ಟಿದ್ದು ಕಣೋ?"