ಕೊಂಡಿ ಹಾಕದ ಸೀರೆ

ನೀಲಪ್ಪ ಹೋದ ಮೇಲೆ ನಾನು ನಮ್ಮ ಓಣಿಯ ಚಹಾದಂಗಡಿಯ ಕಡೆ ಕಾಲಿಟ್ಟಿಲ್ಲ. ವಾರ್ತೆಯ ಹೊತ್ತಿಗೆ ಅಲ್ಲಿ ಈಗಲೂ ರೇಡಿಯೋ ಹಚ್ಚುತ್ತಾರೆ. ಅದಕ್ಕೆ ಎದುರು ಮಾತಾಡುವವನು ಇಲ್ಲ.

ಇಳಕಲ್ಲಿನ ನೇಕಾರ ಓಣಿಯಲ್ಲಿ ನಾವಿಬ್ಬರೂ ಒಟ್ಟಿಗೆ ಬೆಳೆದವರು. ನಾನು ಓದಿ ಹುನಗುಂದದಲ್ಲಿ ಮಾಸ್ತರನಾದೆ. ಅವನು ಸಾಲಿ ಬಿಟ್ಟು ಅಪ್ಪನ ಕುಣಿಮಗ್ಗಕ್ಕೆ ಇಳಿದ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಜಗತ್ತಿನ ಎಲ್ಲ ಸರಕಾರಗಳನ್ನೂ ಬೈದ. ಬಾಂಗ್ಲಾ ಯುದ್ಧದಲ್ಲಿ ಅಮೆರಿಕದ ಹಡಗು ನಮ್ಮ ವಿರುದ್ಧ ಹೊರಟಿದೆಯೆಂದು ಕೇಳಿದಂದಿನಿಂದ ಆ ದೇಶ ಅವನ ಖಾಸಾ ವೈರಿ. ತುರ್ತು ಪರಿಸ್ಥಿತಿಯಲ್ಲಿ ಚಹಾದಂಗಡಿಯವನು ‘ರಾಜಕೀಯ ಮಾತಾಡಬಾರದು’ ಎಂದು ಬೋರ್ಡು ಹಾಕಿದ. ನೀಲಪ್ಪ ಅದರ ಕೆಳಗೇ ಕೂತು ಇಂಗ್ಲೆಂಡಿನ ರಾಣಿಯನ್ನು ಬೈಯತೊಡಗಿದ. ನಿಜವಾಗಿ ಯಾರನ್ನು ಬೈಯುತ್ತಿದ್ದಾನೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಮುಂದೆ ನೇಕಾರರ ಸೊಸೈಟಿಯ ಅಧ್ಯಕ್ಷ ಅಂದಪ್ಪ ಊರ ಹೊರಗೆ ಕರೆಂಟಿನ ಮಗ್ಗದ ಶೆಡ್ಡು ಕಟ್ಟಿಸತೊಡಗಿದ. ಅದೇ ಮಳೆಗಾಲದಲ್ಲಿ ಅಮೆರಿಕದ ಸ್ಕೈಲ್ಯಾಬ್ ಆಕಾಶದಿಂದ ಬೀಳುತ್ತದೆಂದು ಊರು ಹೆದರಿ ಕೂತಿತ್ತು. “ಮ್ಯಾಲ ಕಳಸಾಕ ಬರತೈತಿ, ಇಳಸಾಕ ಬರೂದಿಲ್ಲ ಆ ಮಕ್ಕಳಿಗೆ,” ಎಂದ ನೀಲಪ್ಪ. “ಬೀಳೂದಾದ್ರ ಅಂದಪ್ಪನ ಶೆಡ್ಡಿನ ಮ್ಯಾಲ ಬೀಳಲಿ.” ಅದು ಬೇರೆಲ್ಲೋ ಬಿತ್ತು. ಶೆಡ್ಡು ಎದ್ದು ನಿಂತಿತು.

ಕೈಮಗ್ಗದ ಸೀರೆಗೆ ಕೇಳುವವರು ಕಡಿಮೆಯಾದರು. ಅವನ ಹೆಂಡತಿ ಶಾರವ್ವ ಅದೇ ಶೆಡ್ಡಿಗೆ ನೂಲು ಸುತ್ತಲು ಹೋಗತೊಡಗಿದಳು. ಮನೆ ನಡೆದದ್ದು ಅವಳ ಪಗಾರದಿಂದ. ಅವನು ಆ ಅನ್ನ ಉಣ್ಣುತ್ತಲೇ ಶೆಡ್ಡನ್ನು ಬೈಯುತ್ತಿದ್ದ. ಅವಳು ಬಡಿಸುತ್ತಿದ್ದಳು.

ಶೆಡ್ಡು ನಡೆಯತೊಡಗಿ ಎಷ್ಟೋ ತಿಂಗಳಾದ ಮೇಲೆ ಅದರ ಉದ್ಘಾಟನೆಗೆ ಮಂತ್ರಿ ಬರುತ್ತಾನೆಂದು ಗೊತ್ತಾಯಿತು. ಮಂತ್ರಿಯ ಹೆಂಡತಿಗೆ ಉಡುಗೊರೆ ಕೊಡಲು ಸೀರೆ ಬೇಕು, ಆದರೆ ಶೆಡ್ಡಿನದು ನಡೆಯದು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುವುದಕ್ಕೆ ನಾವು ಕೊಂಡಿ ಎನ್ನುತ್ತೇವೆ. ಆ ಮಷಿನ್ನಿಗೆ ಅದು ಬರುತ್ತಿರಲಿಲ್ಲ. ಅದಕ್ಕೇ ಅಂದಪ್ಪ ನಾಚಿಕೆಯಿಲ್ಲದೆ ನೀಲಪ್ಪನ ಬಾಗಿಲಿಗೆ ಬಂದ. ನೇಯದಿದ್ದರೆ ಶಾರವ್ವ ನಾಳೆಯಿಂದ ಶೆಡ್ಡಿಗೆ ಬರಬೇಕಿಲ್ಲ ಎಂದು ನಗುನಗುತ್ತ ಹೇಳಿದ.

ನೀಲಪ್ಪ ಒಪ್ಪಿಕೊಂಡ. ದೇಶದೇಶಗಳನ್ನು ಬೈದ ಬಾಯಿ ಅಂದು ಬರೀ “ಆತ್ರಿ” ಎಂದಿತು. ನನಗೆ ಅಂದಪ್ಪನಿಗಿಂತ ನೀಲಪ್ಪನ ಮೇಲೇ ಹೆಚ್ಚು ಸಿಟ್ಟು ಬಂತು.

ಕೊಂಡಿ ಒಬ್ಬರಿಂದ ಆಗುವ ಕೆಲಸವಲ್ಲ. ಅವನಿಗೆ ಯಾವಾಗಲೂ ಎದುರು ಕೂತು ಎಳೆ ಕೊಡುತ್ತಿದ್ದವಳು ಶಾರವ್ವ. ಆ ರವಿವಾರ ನಾನೂ ಅಲ್ಲೇ ಕೂತಿದ್ದೆ. ಅವನು ಕರೆದ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

“ನಾ ಕೂಡೂದಿಲ್ರಿ.”

ಅವನು ಮೆಲ್ಲಗೆ, “ನಿನ್ನ ಕೆಲಸ ಹೋಗತೈತಿ,” ಎಂದ.

“ಹೋಗಲಿ. ಅಮೆರಿಕಾನ ಹೆದರಸ್ತಿದ್ರಿ, ಅಂದಪ್ಪಗ ಹೆದರಿದ್ರೇನ?”

ಅವನು ಒಬ್ಬನೇ ಕುಣಿಗೆ ಇಳಿದ. ಕೊಂಡಿ ಹಾಕದೆ ಒಡಲನ್ನು ಬೇರೆ, ಸೆರಗನ್ನು ಬೇರೆ ನೇಯ್ದು, ಒಂದೇ ಸೀರೆಯಂತೆ ಮಡಿಕೆ ಹಾಕಿ ಕಟ್ಟಿಕೊಟ್ಟ.

ವೇದಿಕೆಯ ಮೇಲೆ ಮಂತ್ರಿ ಫೋಟೊದವನಿಗಾಗಿ ಸೀರೆ ಬಿಡಿಸಿದ. ಒಡಲು ಕೈಯಲ್ಲಿ ಉಳಿಯಿತು, ಸೆರಗು ಕಾಲಬುಡಕ್ಕೆ ಬಿತ್ತು. ಹಿಂದೆ ನಿಂತಿದ್ದ ನೇಕಾರರಲ್ಲಿ ಯಾರೋ ನಕ್ಕರು. ಅಂದಪ್ಪ ಕಿರುಚಿದಾಗ ನೀಲಪ್ಪ ಎದ್ದು ನಿಂತ.

“ನಿಮ್ಮ ಮಷಿನ್ನಿಗೆ ಕೊಂಡಿ ಹಾಕಾಕ ಬರೂದಿಲ್ಲಲ್ರಿ. ಅದರ ಉದ್ಘಾಟನಾಕ್ಕ ಅದರಂಗನ ಮಾಡಿ ತಂದೇನಿ. ಹೆಂಡ್ತಿಗೆ ಇದು ಗೊತ್ತಿಲ್ಲ, ಎಲ್ಲಾ ನಂದ.”

ಅವಳ ಕೆಲಸ ಉಳಿಯಲೆಂದು ಹಾಗೆ ಹೇಳಿದ. ಉಳಿಯಲಿಲ್ಲ. ಸೊಸೈಟಿ ಅವನಿಗೆ ನೂಲು ಕೊಡುವುದನ್ನೂ ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಗಂಡಹೆಂಡತಿ ಖಾಸಗಿ ಸಾವಕಾರನಿಗೆ ನೇಯ್ದು, ಎದುರುಬದುರು ಕೂತು ಕೊಂಡಿ ಹಾಕಿ, ಅರೆಹೊಟ್ಟೆ ಉಂಡರು. ಎದೆಯ ಬೇನೆ ಅವನನ್ನು ತಿಂದಿತು. ಬಾಗಲಕೋಟೆಯ ದವಾಖಾನೆಯ ಮಂಚದಲ್ಲೂ ರೇಡಿಯೋ ಕೇಳಿ ಕೆಮ್ಮುತ್ತ ಬೈದ. ಹೋದ ತಿಂಗಳು ತೀರಿಕೊಂಡ.

ಓಣಿಯವರು ಶೋಕಸಭೆ ಕರೆದರೆ ಅಂದಪ್ಪ ಹಾರ ಹಿಡಿದು ಬಂದ. ಸತ್ತವನು ಪ್ರಗತಿಗೆ ವೈರಿಯಾಗಿದ್ದ, ಮಂತ್ರಿಯ ಮುಂದೆ ಊರಿನ ಮಾನ ಕಳೆದ, ಆದರೂ ತಾನು ಕ್ಷಮಿಸಿದ್ದೇನೆ ಎಂದ. ಸತ್ತವನನ್ನು ಕ್ಷಮಿಸುವ ಅಧಿಕಾರವನ್ನು ಇವನಿಗೆ ಯಾವ ಸರಕಾರ ಕೊಟ್ಟಿತ್ತೋ. ನಾನು ಏಳುವುದರೊಳಗೆ ಹೆಂಗಸರ ನಡುವೆ ಕೂತಿದ್ದ ಶಾರವ್ವ ತಲೆಯೆತ್ತಿದಳು.

“ಆ ಸೀರಿಗೆ ಕೊಂಡಿ ಹಾಕದಾಕಿ ನಾನ್ರಿ, ಅಧ್ಯಕ್ಷರ. ಕ್ಷಮಾ ನಂಗ ಬ್ಯಾಡ. ಅವರಿಗೆ ಬರೇ ಬೈಯಾಕ ಬರ್ತಿತ್ತು.”

ಅಂದಪ್ಪ ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಯಾರೂ ಅದನ್ನು ಇಸಿದುಕೊಳ್ಳಲಿಲ್ಲ.